ವಿಶ್ವಕಪ್ ಮುಗಿದ ಮೇಲೆ ಆ ಮೈದಾನದಲ್ಲಿ ಆಡುವವರು ಯಾರು?

ಪ್ರಶ್ನೆ: ನನ್ನ ತಮ್ಮ ದೋಹಾದಲ್ಲಿದ್ದಾನೆ. 2022ರ ಫುಟ್‌ಬಾಲ್ ವಿಶ್ವಕಪ್‌ಗಾಗಿ ಅಲ್ಲಿ ಕಂಟೇನರ್‌ಗಳಿಂದ ಒಂದು ಕ್ರೀಡಾಂಗಣ ಕಟ್ಟಿದ್ದರು, ಆಟ ಮುಗಿದ ಮೇಲೆ ಅದನ್ನು ಬಿಚ್ಚುತ್ತಾರೆ ಎಂದು ಓದಿದ್ದೆ. ಅಷ್ಟು ದುಡ್ಡು ಸುರಿದು ಕಟ್ಟಿದ್ದನ್ನು ಬಿಚ್ಚುವುದೇಕೆ? ಬೇರೆ ದೇಶಗಳಲ್ಲಿ ಇಂಥವು ಆಮೇಲೆ ಏನಾಗಿವೆ?
– ಓದುಗರೊಬ್ಬರು, ಉಡುಪಿ

ಉತ್ತರ: ನೀವು ಓದಿದ್ದು ರಾಸ್ ಅಬು ಅಬೂದ್‌ನ ಸ್ಟೇಡಿಯಂ 974ರ ಬಗ್ಗೆ. ಕತಾರ್‌ನ ದೂರವಾಣಿ ಕೋಡ್ 974, ಅಲ್ಲಿ ಬಳಸಿದ ಕಂಟೇನರ್‌ಗಳೂ ಅಷ್ಟೇ. ಉಕ್ಕಿನ ಚೌಕಟ್ಟು ನಿಲ್ಲಿಸಿ, ಶೌಚಾಲಯ, ತಿಂಡಿ ಅಂಗಡಿಗಳಿರುವ ಕಂಟೇನರ್‌ಗಳನ್ನು ಅದರೊಳಗೆ ಕೂರಿಸಿದ್ದರು. ಸುಮಾರು 44,000 ಆಸನ. ಹವಾನಿಯಂತ್ರಣ ಇರಲಿಲ್ಲ, ಸಮುದ್ರದ ಗಾಳಿಯೇ ಆಧಾರ. ಹಾಗಾಗಿ ಇಲ್ಲಿ ಬಿಸಿಲಿನ ಹೊತ್ತಿನ ಪಂದ್ಯ ಇಡಲಿಲ್ಲ. ವಿಶ್ವಕಪ್‌ನಲ್ಲಿ ಅಲ್ಲಿ ನಡೆದದ್ದು ಏಳು ಪಂದ್ಯ.

ಬಿಚ್ಚುವಂತೆ ಕಟ್ಟಿದ್ದಕ್ಕೆ ಕಾರಣ ಫಿಫಾದ ಆಸನ ನಿಯಮ. ಗುಂಪು ಹಂತದ ಪಂದ್ಯಕ್ಕೆ ಕನಿಷ್ಠ 40,000, ಸೆಮಿಫೈನಲ್‌ಗೆ 60,000, ಫೈನಲ್‌ಗೆ 80,000 ಆಸನ ಬೇಕು. ಕತಾರ್‌ನ ಒಟ್ಟು ಜನಸಂಖ್ಯೆಯೇ ಸುಮಾರು 30 ಲಕ್ಷ. ಅಲ್ಲಿನ ಲೀಗ್ ಪಂದ್ಯಗಳಿಗೆ ಇಂಥ ಎಂಟು ಕ್ರೀಡಾಂಗಣ ತುಂಬುವ ಮಾತೇ ಇಲ್ಲ. ಮದುವೆಗೆ ಬರುವ ನೆಂಟರನ್ನು ಎಣಿಸಿ ಯಾರೂ ಮನೆ ಕಟ್ಟುವುದಿಲ್ಲ, ಚಪ್ಪರ ಹಾಕುತ್ತಾರೆ. 974 ಅಂಥ ಚಪ್ಪರ. ಅಲ್ ಖೋರ್‌ನ ಅಲ್ ಬೈತ್ ಕ್ರೀಡಾಂಗಣದಲ್ಲೂ ಮೇಲಿನ ಹಂತದ ಆಸನಗಳನ್ನು ಕಳಚಬಹುದಾದ ವಿನ್ಯಾಸವಿತ್ತು.

ಆದರೆ ಹೇಳಿದಷ್ಟು ಬೇಗ ಬಿಚ್ಚಲಿಲ್ಲ. 2024ರ ಡಿಸೆಂಬರ್‌ನಲ್ಲೂ ಇಂಟರ್‌ಕಾಂಟಿನೆಂಟಲ್ ಕಪ್‌ನ ಪಂದ್ಯಗಳು 974ರಲ್ಲಿ ನಡೆದವು. ಇದರಲ್ಲಿ ತಪ್ಪು ಹುಡುಕಬೇಕಿಲ್ಲ, ನಿಂತ ಕ್ರೀಡಾಂಗಣ ಬಳಕೆಯಾಗುವುದು ಒಳ್ಳೆಯದೇ. ಬಿಚ್ಚುವುದರ ಲಾಭವನ್ನು ಮಾತ್ರ ಎಚ್ಚರದಿಂದ ಲೆಕ್ಕ ಹಾಕಬೇಕು. ಕಳಚಿದ ಭಾಗಗಳನ್ನು ಎಷ್ಟು ದೂರ ಸಾಗಿಸುತ್ತೀರಿ, ಎಷ್ಟು ಸಲ ಮತ್ತೆ ಜೋಡಿಸುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಒಂದೇ ಸಲ ಬಳಸಿ ಗೋದಾಮಿಗೆ ಹಾಕುವುದಾದರೆ ಕಾಂಕ್ರೀಟಿನಲ್ಲಿ ಚಿಕ್ಕದಾಗಿ ಕಟ್ಟುವುದೇ ಮೇಲು.

ನನಗೆ ಅತ್ಯಂತ ನೋವು ತರುವ ಉದಾಹರಣೆ ಬ್ರೆಜಿಲ್. 2014ರಲ್ಲಿ 12 ಊರುಗಳಿಗೆ ಪಂದ್ಯ ಹಂಚಿದರು. ಅಮೆಜಾನ್ ಕಾಡಿನ ನಡುವಿನ ಮನಾಸ್‌ಗೆ ಸಿಕ್ಕಿದ್ದು ನಾಲ್ಕೇ ಪಂದ್ಯ, ಅಷ್ಟಕ್ಕಾಗಿ 40,000ಕ್ಕೂ ಹೆಚ್ಚು ಆಸನದ ಹೊಸ ಕ್ರೀಡಾಂಗಣ ಎದ್ದಿತು. ಆಗ ಆ ಊರಿನ ಕ್ಲಬ್‌ಗಳು ಕೆಳಹಂತದ ಲೀಗ್‌ಗಳಲ್ಲಿದ್ದವು. ರಾಜಧಾನಿ ಬ್ರೆಸಿಲಿಯಾದಲ್ಲಿ ಹಳೆಯ ಫುಟ್‌ಬಾಲ್ ತಾರೆ ಗರಿಂಚಾ ಹೆಸರಿನ ಕ್ರೀಡಾಂಗಣವನ್ನು ಸುಮಾರು 70,000 ಆಸನಕ್ಕೆ ಹೊಸದಾಗಿ ಕಟ್ಟಿದರು. ಮರುವರ್ಷ ಅದರ ಆವರಣದಲ್ಲಿ ನಗರದ ಬಸ್ಸುಗಳು ನಿಲ್ಲುತ್ತಿದ್ದವು. ಆಸ್ಪತ್ರೆ, ಶಾಲೆಗಳಿಗೆ ಹಣ ಕೇಳಿ ಜನ ಬೀದಿಗಿಳಿದಿದ್ದ ದೇಶದಲ್ಲಿ ಇದು ಆಗಬಾರದಿತ್ತು.

ಕೇಪ್‌ಟೌನ್‌ನದು ಬೇರೆ ಕಥೆ. 2010ಕ್ಕೆ ಗ್ರೀನ್ ಪಾಯಿಂಟ್‌ನಲ್ಲಿ ಸುಮಾರು 64,000 ಆಸನದ ಕ್ರೀಡಾಂಗಣ ಕಟ್ಟಿ, ಆಮೇಲೆ ಸುಮಾರು 55,000ಕ್ಕೆ ಇಳಿಸಿದರು. ಆ ಊರಿನಲ್ಲಿ ಜನ ಸೇರುವುದು ರಗ್ಬಿಗೆ. ಆದರೆ ರಗ್ಬಿಯವರು ತಮ್ಮ ಹಳೆಯ ನ್ಯೂಲ್ಯಾಂಡ್ಸ್ ಮೈದಾನ ಬಿಟ್ಟು ಬಂದದ್ದು 2021ರಲ್ಲಿ. ಅಲ್ಲಿಯವರೆಗೆ ನಿರ್ವಹಣೆಯ ಹೊರೆ ಹೊತ್ತದ್ದು ನಗರಪಾಲಿಕೆ. ಅಡಿಪಾಯ ಹಾಕುವ ಮೊದಲೇ ಬಾಡಿಗೆದಾರರೊಂದಿಗೆ ಕರಾರು ಆಗಿದ್ದರೆ ಆ ಹತ್ತು ವರ್ಷ ಉಳಿಯುತ್ತಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. 2002ರ ವಿಶ್ವಕಪ್‌ಗೆ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಕಟ್ಟಿದ ಕ್ರೀಡಾಂಗಣದ ಆಸನಗಳ ಕೆಳಗೆ ಸೂಪರ್ ಮಾರ್ಕೆಟ್, ಚಿತ್ರಮಂದಿರಗಳಿವೆ; ಪಂದ್ಯ ಇಲ್ಲದ ದಿನವೂ ಅಲ್ಲಿಗೆ ಜನ ಬರುತ್ತಾರೆ.

2026ರ ವಿಶ್ವಕಪ್‌ನ 16 ತಾಣಗಳಲ್ಲಿ ಈ ಪಂದ್ಯಾವಳಿಗೆಂದೇ ಕಟ್ಟಿದ ಹೊಸ ಕ್ರೀಡಾಂಗಣ ಒಂದೂ ಇಲ್ಲ. ಮೆಕ್ಸಿಕೊ ನಗರದ ಅಜ್ಟೆಕಾಗಂತೂ 1970, 1986ರ ನಂತರ ಇದು ಮೂರನೆಯ ಸರದಿ.

ಪ್ರಶ್ನೆ: ಬೆಂಗಳೂರಿನ ಕಂಠೀರವದಲ್ಲಿ ವಿಶ್ವಕಪ್ ಪಂದ್ಯ ನಡೆಸಲು ಸಾಧ್ಯವೇ? ಓಟದ ಟ್ರ್ಯಾಕ್ ಇರುವುದೇ ಅಡ್ಡಿ ಎನ್ನುತ್ತಾರೆ.
– ಫುಟ್‌ಬಾಲ್ ಪ್ರೇಮಿ, ಬೆಂಗಳೂರು

ಉತ್ತರ: ಈಗಿರುವ ಆಸನಗಳಲ್ಲಿ ಸಾಧ್ಯವಿಲ್ಲ. ಟ್ರ್ಯಾಕ್ ಇದ್ದ ಮಾತ್ರಕ್ಕೆ ನಿಷೇಧವಿಲ್ಲ; 2006ರ ಫೈನಲ್ ನಡೆದ ಬರ್ಲಿನ್‌ನಲ್ಲೂ, 2017ರ 17 ವರ್ಷದೊಳಗಿನವರ ವಿಶ್ವಕಪ್ ಫೈನಲ್ ನಡೆದ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲೂ ಟ್ರ್ಯಾಕ್ ಇದೆ. ತೊಂದರೆ ನೋಡುಗರಿಗೆ. 105 ಮೀಟರ್ ಉದ್ದ, 68 ಮೀಟರ್ ಅಗಲದ ಅಂಕಣದ ಸುತ್ತ ಟ್ರ್ಯಾಕ್ ಬಂದರೆ ಗೋಲಿನ ಹಿಂದೆ ಕೂತವರಿಗೆ ಎದುರಿನ ಗೋಲು ತೀರಾ ದೂರ.

2023ರ ಜುಲೈನಲ್ಲಿ ಭಾರತ ಕುವೈತ್ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಸ್ಯಾಫ್ ಕಪ್ ಗೆದ್ದದ್ದು ಇದೇ ಕಂಠೀರವದಲ್ಲಿ. ಅಂದಿನ ಜನಸಂದಣಿ ಕಂಡ ಮೇಲೆ ಊರಿನಲ್ಲಿ ಅಭಿಮಾನಿಗಳಿಲ್ಲ ಎನ್ನಲು ಯಾರಿಗೂ ಬಾಯಿ ಬಾರದು. ಹಾಗೆಂದು 40,000 ಆಸನ ಕೇಳಬೇಡಿ. ಫುಟ್‌ಬಾಲ್‌ಗೆಂದೇ 15,000–20,000 ಆಸನದ, ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಮೈದಾನ ಕೇಳಿ. ಮುಂದೆ ಉಕ್ಕಿನ ಮೇಲ್ಹಂತ ಕೂರಿಸಲು ಬೇಕಾದ ಗಟ್ಟಿ ಅಡಿಪಾಯವನ್ನು ಮೊದಲ ನಕ್ಷೆಯಲ್ಲೇ ಸೇರಿಸಬೇಕು. ಕಟ್ಟಿದ ಮೇಲೆ ಅಡಿಪಾಯ ಬಲಪಡಿಸಲು ಹೋದರೆ ಖರ್ಚು ಬಹಳ.