‘ನನ್ನ ನಮಸ್ಕಾರಾನೂ ಅಳಿಸಿಬಿಟ್ರು ಮೇಡಂ’: ಒಂದು ಆಪ್ತಸಲಹೆ ಪ್ರಕರಣ

(ಹೆಸರು, ಊರು, ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ. ವಿದ್ಯಾರ್ಥಿನಿಯ ಒಪ್ಪಿಗೆ ಪಡೆದೇ ಬರೆದದ್ದು.)

ಸುಮಾ ನನ್ನ ಕೊಠಡಿಗೆ ತಾನಾಗಿ ಬಂದವಳಲ್ಲ. ಮೂರು ವಾರದಿಂದ ಲ್ಯಾಬಿಗೆ ಬರುತ್ತಿಲ್ಲ, ಕೇಳಿದರೆ ಹೊಟ್ಟೆನೋವು ಅನ್ನುತ್ತಾಳೆ ಎಂದು ಅವಳ ಮೇಷ್ಟ್ರು ಕಳಿಸಿದ್ದರು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಾಲಿಟೆಕ್ನಿಕ್, ಅಲ್ಲಿಂದ ಲ್ಯಾಟರಲ್ ಎಂಟ್ರಿಯಲ್ಲಿ ಸೀದಾ ಇಂಜಿನಿಯರಿಂಗ್ ಎರಡನೇ ವರ್ಷ. ಬಂದ ತಿಂಗಳೇ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಡೇಟಾ ಸ್ಟ್ರಕ್ಚರ್ಸ್ (ಮಾಹಿತಿ ಜೋಡಿಸಿಡುವ ಬಗೆಗಳು) ಲ್ಯಾಬು. ಜೊತೆಯವರು ಆಗಲೇ ಒಂದು ವರ್ಷ ಕೈ ಪಳಗಿಸಿಕೊಂಡಿದ್ದರು.

ಹೊಟ್ಟೆನೋವು ಸುಳ್ಳಾಗಿರಲಿಲ್ಲ. ಸೋಮವಾರ ಲ್ಯಾಬಾದರೆ ಭಾನುವಾರ ರಾತ್ರಿಯೇ ಶುರುವಾಗುತ್ತಿತ್ತು. ಯಾವಾಗಿನಿಂದ ಎಂದು ಕೇಳಿದಾಗ ಮೊಬೈಲ್ ತೆಗೆದು ಒಂದು ಸ್ಕ್ರೀನ್‌ಶಾಟ್ ತೋರಿಸಿದಳು.

ಅವಳು ಬರೆದಿದ್ದ ಪ್ರೋಗ್ರಾಂ ಒಂದು ಸಂಖ್ಯೆ ಕೇಳಿ, ಅದನ್ನು ಸ್ಟ್ಯಾಕ್‌ಗೆ (ಒಂದರ ಮೇಲೊಂದು ಪೇರಿಸಿಡುವ ಪಟ್ಟಿಗೆ) ಸೇರಿಸಿ, ‘ಮುಂದುವರಿಸಬೇಕೆ? ವೈ ಅಥವಾ ಎನ್’ ಎಂದು ಕೇಳಬೇಕು. ಕೇಳುತ್ತಿತ್ತು. ಆದರೆ ಉತ್ತರ ಒತ್ತುವುದಕ್ಕೇ ಬಿಡದೆ ಮುಗಿದುಹೋಗುತ್ತಿತ್ತು. ಲ್ಯಾಬಿನಲ್ಲಿ ಕೇಳಲು ನಾಚಿಕೆ. ರಾತ್ರಿ ಹನ್ನೊಂದಕ್ಕೆ ಪ್ರೋಗ್ರಾಮರ್‌ಗಳು ಪ್ರಶ್ನೋತ್ತರ ನಡೆಸುವ ಒಂದು ತಾಣದಲ್ಲಿ ಖಾತೆ ತೆರೆದು ಇಂಗ್ಲಿಷಿನಲ್ಲಿ ಬರೆದಳು. ರಜಾ ಅರ್ಜಿಯ ಧಾಟಿ: ಮಾನ್ಯರೇ, ನಾನು ಬಡ ವಿದ್ಯಾರ್ಥಿನಿ, ತಪ್ಪಿದ್ದರೆ ಕ್ಷಮಿಸಿ, ತುಂಬಾ ಅರ್ಜೆಂಟು, ಮುಂಗಡ ಧನ್ಯವಾದ. ಕೆಳಗೆ ಕಂಪ್ಯೂಟರ್ ಪರದೆಯದ್ದೇ ಫೋಟೊ, ಅದೂ ಓರೆಯಾಗಿ. ‘ಪ್ರೋಗ್ರಾಂ ಕೆಲಸ ಮಾಡುತ್ತಿಲ್ಲ’ ಎಂಬುದು ಶೀರ್ಷಿಕೆ.

ಹತ್ತು ನಿಮಿಷದಲ್ಲಿ ನಾಲ್ಕು ಮೈನಸ್ (ಪ್ರಶ್ನೆ ಚೆನ್ನಾಗಿಲ್ಲ ಎಂದು ಓದಿದವರು ಹಾಕುವ ಮತ) ಬಿತ್ತು. ‘ಇದನ್ನು ಈಗಾಗಲೇ ಕೇಳಲಾಗಿದೆ’ ಎಂದು ಪ್ರಶ್ನೆಗೆ ಬೀಗ ಹಾಕಿದರು. ಯಾರೋ ಒಬ್ಬರು ಅವಳ ಬರಹವನ್ನು ತಿದ್ದಿ, ಮೊದಲಿನ ವಂದನೆ ಮತ್ತು ಕೊನೆಯ ಧನ್ಯವಾದ ಎರಡನ್ನೂ ತೆಗೆದುಹಾಕಿದ್ದರು.

“ಬೈದಿದ್ದು ಬಿಡಿ ಮೇಡಂ, ನನ್ನ ನಮಸ್ಕಾರಾನೂ ಅಳಿಸಿಬಿಟ್ರು” ಎಂದಳು. ಅಳು ಬಂದದ್ದು ಆಗಲೇ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಆ ದಿನ ನಾನು ಕೊಟ್ಟ ಸಲಹೆ ‘ಧೈರ್ಯವಾಗಿ ಇನ್ನೊಮ್ಮೆ ಕೇಳಮ್ಮ’ ಎಂಬುದು. ಧೈರ್ಯವಾಗಿಯೇ ಕೇಳಿದಳು, ಅದೇ ಧಾಟಿಯಲ್ಲಿ, ಅದೇ ಫೋಟೊ ಹಾಕಿ. ಈ ಸಲ ಆರು ಮೈನಸ್. ಅವಳಿಗೆ ಬೇಕಿದ್ದದ್ದು ಧೈರ್ಯ ಎಂದುಕೊಂಡಿದ್ದೆ. ಆ ಜಾಗದ ರಿವಾಜು ಏನು ಎಂದು ವಿಚಾರಿಸುವ ಕಷ್ಟ ನಾನೇ ತೆಗೆದುಕೊಂಡಿರಲಿಲ್ಲ.

ವಿಚಾರಿಸಿದೆ. ಇಂಥ ತಾಣಗಳು ಪ್ರಶ್ನೆಯನ್ನು ಒಬ್ಬರ ಕಷ್ಟ ಎಂದು ನೋಡುವುದಿಲ್ಲ, ಮುಂದೆ ಸಾವಿರ ಜನ ಹುಡುಕಿಕೊಂಡು ಬಂದು ಓದುವ ಪುಟ ಎಂದು ನೋಡುತ್ತವೆ. ಅದಕ್ಕೇ ಒಂದೇ ಪ್ರಶ್ನೆ ಎರಡು ಕಡೆ ಇರಬಾರದು, ನಮಸ್ಕಾರ ಧನ್ಯವಾದಗಳಿಗೆ ಜಾಗವಿಲ್ಲ. ಫೋಟೊದಲ್ಲಿರುವ ಕೋಡನ್ನು ಹುಡುಕಲೂ ಆಗದು, ನಕಲಿಸಿ ಓಡಿಸಿ ನೋಡಲೂ ಆಗದು. ನಿಯಮಕ್ಕೆ ಕಾರಣವಿದೆ. ಹಾಗೆಂದು ಒರಟುತನ ಸರಿಯಾಗುವುದಿಲ್ಲ. ಈ ಬಗೆಯ ತಾಣಗಳಲ್ಲಿ ಹೆಸರಾದ ಸ್ಟ್ಯಾಕ್ ಓವರ್‌ಫ್ಲೋ (ಶುರುವಾದದ್ದು 2008ರಲ್ಲಿ, ಸುಮಾ ಹೋದದ್ದು ಬೇರೆ ಕಡೆ) ಹೊಸಬರನ್ನು ತಾನು ಆದರದಿಂದ ನೋಡಿಕೊಳ್ಳುತ್ತಿಲ್ಲ ಎಂದು 2018ರಲ್ಲಿ ತಾನೇ ಬಹಿರಂಗವಾಗಿ ಒಪ್ಪಿಕೊಂಡಿತು. ಅದೇ ವರ್ಷ ಹೊಸ ನಡವಳಿಕೆ ನಿಯಮ ತಂದು, ಮೊದಲ ಸಲ ಬರೆಯುವವರ ಹೆಸರಿನ ಪಕ್ಕ ‘ಇವರು ಹೊಸಬರು’ ಎಂಬ ಗುರುತನ್ನೂ ಹಚ್ಚತೊಡಗಿತು. ಇದನ್ನು ಹೇಳಿದಾಗ ಸುಮಾಳ ಮುಖ ಸ್ವಲ್ಪ ಸಡಿಲವಾಯಿತು. “ಹಂಗಾದ್ರೆ ನನಗೊಬ್ಬಳಿಗೇ ಅಲ್ಲ” ಎಂದಳು.

ಎರಡನೇ ಭೇಟಿಯಲ್ಲಿ, ಅವಳ ಪ್ರಶ್ನೆಗಳ ಕೆಳಗೆ ಜನ ಬರೆದಿದ್ದ ಕಾಮೆಂಟುಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದೆವು. ‘ಏನೇನು ಪ್ರಯತ್ನ ಮಾಡಿದ್ದೀರಿ?’ ಎಂಬ ಸಾಲು ಅವಳಿಗೆ ‘ಏನು ಕಡಿದು ಗುಡ್ಡೆ ಹಾಕಿದ್ದೀಯ?’ ಎಂದು ಕೇಳಿಸಿತ್ತು. ಇಂಗ್ಲಿಷಿನಲ್ಲಿ ‘ರೀ’ ಇಲ್ಲ, ‘ಅಮ್ಮ’ ಇಲ್ಲ. ಬಹುವಚನದ ಮರ್ಯಾದೆಗೆ ಒಗ್ಗಿದ ಕಿವಿಗೆ ಬೋಳು ವಾಕ್ಯವೆಲ್ಲ ಏಕವಚನದ ಗದರಿಕೆಯೇ. ಮನೆಯಲ್ಲಿ ಎರಡನೇ ಸಲ ಕೇಳಿದರೆ ‘ಕಿವಿ ಎಲ್ಲಿಟ್ಟಿದ್ದೆ?’ ಎನ್ನುವ ಅಪ್ಪನೂ ಆ ಸಾಲಿನೊಳಗೆ ಕೂತಿದ್ದ ಎಂದು ಆಮೇಲೆ ಗೊತ್ತಾಯಿತು. ಎರಡೂ ಸಲದ್ದು ಸೇರಿ ಇದ್ದ ಐದು ಕಾಮೆಂಟಿನಲ್ಲಿ ಒಂದು ನಿಜಕ್ಕೂ ಕೊಂಕು. ಅದನ್ನು ಕೊಂಕು ಎಂದೇ ಕರೆದು ಪಕ್ಕಕ್ಕಿಟ್ಟೆವು. ಮೂರು ಬರೀ ನಿಯಮದ ಮಾತು. ಐದನೆಯದರಲ್ಲಿ ಉತ್ತರದ ಕೊಂಡಿಯೇ ಇತ್ತು! ಅವಮಾನದಲ್ಲಿ ಅದನ್ನು ಅವಳು ಒತ್ತಿಯೇ ಇರಲಿಲ್ಲ.

ಕೊಂಡಿ ತೆರೆಯುವ ಮೊದಲು, “ಇದು ಹೇಗೆ ಕೆಲಸ ಮಾಡತ್ತೆ ಅಂತ ನನಗೆ ಕನ್ನಡದಲ್ಲಿ ಹೇಳು, ನನಗೆ ಕೋಡಿಂಗ್ ಬರಲ್ಲ” ಎಂದೆ. ಪ್ರೋಗ್ರಾಮರ್‌ಗಳಲ್ಲಿ ಮೇಜಿನ ಮೇಲೊಂದು ರಬ್ಬರ್ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ಕೋಡು ವಿವರಿಸುವ ಪದ್ಧತಿ ಉಂಟಂತೆ, ವಿವರಿಸುತ್ತಲೇ ತಪ್ಪು ಸಿಗುತ್ತದೆಂದು. ಆ ಮಧ್ಯಾಹ್ನ ಬಾತುಕೋಳಿ ನಾನೇ. “ಸಂಖ್ಯೆ ಟೈಪ್ ಮಾಡ್ತೀನಿ, ಎಂಟರ್ ಒತ್ತೀನಿ, ಸಂಖ್ಯೆ ಒಳಗೆ ಹೋಗತ್ತೆ...” ಎಂದವಳು ನಿಂತಳು. “ಎಂಟರ್ ಎಲ್ಲಿಗೆ ಹೋಗತ್ತೆ ಮೇಡಂ?”

ತೊಂದರೆ ಅದೇ. ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಸ್ಕ್ಯಾನ್‌ಎಫ್ ಎಂಬ ಸಿ ಭಾಷೆಯ ಆದೇಶ ಸಂಖ್ಯೆಯನ್ನಷ್ಟೇ ಎತ್ತಿಕೊಳ್ಳುತ್ತದೆ. ನಾವು ಒತ್ತಿದ ಎಂಟರ್ ಬಾಗಿಲಲ್ಲೇ ಕಾಯುತ್ತಿರುತ್ತದೆ. ಮುಂದೆ ‘ಒಂದು ಅಕ್ಷರ ಓದು’ ಎಂದಾಗ ಆ ಎಂಟರನ್ನೇ ಅಕ್ಷರವೆಂದು ಓದುತ್ತದೆ. ಅದು ವೈ ಅಲ್ಲವಲ್ಲ, ಕಾರ್ಯಕ್ರಮ ಮುಕ್ತಾಯ. ಕೊಂಡಿಯಲ್ಲಿದ್ದ ಪರಿಹಾರ: ಪರ್ಸೆಂಟ್ ಸಿ (‘ಒಂದು ಅಕ್ಷರ ಓದು’ ಎನ್ನುವ ಗುರುತು) ಎಂದು ಬರೆಯುವ ಮುನ್ನ ಒಂದು ಖಾಲಿ ಜಾಗ ಬಿಡಿ. ಮೂರು ವಾರದ ಹೊಟ್ಟೆನೋವಿಗೆ ಒಂದು ಸ್ಪೇಸು.

ಆಮೇಲೆ ನಾನು ಹೇಳಿದ್ದು ಇಷ್ಟು. ಕೇಳುವ ಮುನ್ನ ಸಮಸ್ಯೆ ಕಾಣಿಸಿಕೊಳ್ಳಲು ಬೇಕಾದಷ್ಟೇ ಕೋಡು ಇಟ್ಟುಕೊಂಡು ಮಿಕ್ಕಿದ್ದನ್ನು ಕತ್ತರಿಸು. ನೂರು ಸಾಲು ಹತ್ತಾಗುವಷ್ಟರಲ್ಲಿ ಎಷ್ಟೋ ಸಲ ಉತ್ತರ ಕಾಣುತ್ತದೆ. ಏನು ಕೊಟ್ಟೆ, ಏನು ಬರಬೇಕಿತ್ತು, ಏನು ಬಂತು, ಮೂರನ್ನೂ ಬರೆ. ಫೋಟೊ ಬೇಡ, ಅಕ್ಷರದಲ್ಲೇ ಹಾಕು. ‘ಅರ್ಜೆಂಟ್’ ಎಂಬ ಪದ ಬೇಡವೇ ಬೇಡ, ಅದು ನಿನ್ನ ಅವಸರ, ಅವರದಲ್ಲ. ಪೋಸ್ಟ್ ಮಾಡಿದ ಮೇಲೆ ಅರ್ಧ ಗಂಟೆ ಅಲ್ಲೇ ಇರು, ಯಾರಾದರೂ ತಿರುಗಿ ಕೇಳಿದರೆ ಉತ್ತರಿಸು. ರಾತ್ರಿ ಹನ್ನೊಂದಕ್ಕೆ, ದಣಿದು, ಅಳು ಬಂದಾಗ ಪೋಸ್ಟ್ ಮಾಡಬೇಡ.

“ಎಐ ಚಾಟ್‌ಬಾಟ್ ಕೇಳಿದ್ರೆ ಬೈಯೋದೇ ಇಲ್ಲ ಮೇಡಂ” ಎಂದಳು. ಕೇಳು, ತಪ್ಪೇನಿಲ್ಲ ಎಂದೆ. ಆದರೆ ಲ್ಯಾಬಿನ ವೈವಾದಲ್ಲಿ ಎದುರು ಕೂರುವುದು ಮನುಷ್ಯರೇ, ಅವರ ಮುಂದೆ ‘ಗೊತ್ತಾಗಲಿಲ್ಲ’ ಎನ್ನುವ ಅಭ್ಯಾಸವೂ ಬೇಕು. ಹಾಗಾಗಿ ವಾರಕ್ಕೊಂದು ಪ್ರಶ್ನೆಯನ್ನು ಲ್ಯಾಬಿನಲ್ಲಿ ಬಾಯಿಬಿಟ್ಟು ಕೇಳುವುದು ಎಂಬ ಒಪ್ಪಂದವಾಯಿತು.

ಲ್ಯಾಬಿಗೆ ಹೋಗುತ್ತಿದ್ದಾಳೆ. ಹೊಟ್ಟೆನೋವು ಪೂರ್ತಿ ಹೋಗಿಲ್ಲ, ಭಾನುವಾರಗಳಲ್ಲಿ ಆಗಾಗ ಬರುತ್ತದೆ. ಕಳೆದ ತಿಂಗಳು ಅದೇ ತಾಣದಲ್ಲಿ ಲಿಂಕ್ಡ್ ಲಿಸ್ಟ್ (ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿ) ಬಗ್ಗೆ ಹನ್ನೊಂದು ಸಾಲಿನ ಪ್ರಶ್ನೆ ಹಾಕಿದಳು. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು, ಒಂದು ಪ್ಲಸ್ ಕೂಡ.

“ಉತ್ತರ ಚೆನ್ನಾಗಿತ್ತು. ಆದ್ರೂ ಅವತ್ತು ನಮಸ್ಕಾರ ಅಳಿಸಿದ್ದು ತಪ್ಪೇ ಮೇಡಂ.”

ನಾನು ವಾದಕ್ಕೆ ಹೋಗಲಿಲ್ಲ.