ಕಾರವಾರಕ್ಕೆ ಹೋಗುವ ಮೊದಲು ಕಾಲುವೆಗೆ ಇಳಿಯಿರಿ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಿಂದ ಉಪನ್ಯಾಸಕರೊಬ್ಬರು ಬರೆದಿದ್ದಾರೆ: "ನಮ್ಮ ಕಾಲೇಜಿನ ಎನ್ನೆಸ್ಸೆಸ್ ಘಟಕದ 45 ಮಕ್ಕಳನ್ನು ಸೆಪ್ಟೆಂಬರ್ ಮೂರನೇ ಶನಿವಾರದ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನಕ್ಕೆ ಕಾರವಾರಕ್ಕೆ ಕರೆದೊಯ್ಯಬೇಕೆಂದಿದ್ದೇವೆ. ಬಸ್ಸಿನ ಖರ್ಚಿಗೆ ದಾನಿಗಳು ಮುಂದೆ ಬರುವಂತೆ ಪತ್ರಿಕೆಯಲ್ಲಿ ಒಂದು ಮನವಿ ಹಾಕಿ. ನಮ್ಮ ಕಡೆ ಸಮುದ್ರವಿಲ್ಲ, ವರ್ಷಕ್ಕೊಮ್ಮೆಯಾದರೂ ಮಕ್ಕಳು ಸಮುದ್ರದ ಋಣ ತೀರಿಸಲಿ. ಈಜು ಬಲ್ಲ ಏಳೆಂಟು ಹುಡುಗರಿದ್ದಾರೆ. ನೀರೊಳಗೆ ಬಂಡೆಗೆ ಸಿಕ್ಕಿಕೊಂಡ ಬಲೆಗಳನ್ನು ಅವರಿಂದ ತೆಗೆಸಬಹುದೇ?"

ಗುರುಗಳೇ,

ಪಠ್ಯ ಮುಗಿಸಿದರೆ ಸಾಕು ಎನ್ನುವ ಕಾಲದಲ್ಲಿ ನೀವು 45 ಮಕ್ಕಳ ಕೈಗೆ ಚೀಲ ಕೊಡಲು ಹೊರಟಿದ್ದೀರಿ. ಅದಕ್ಕೆ ಮೊದಲು ನಮಸ್ಕಾರ. ಆದರೆ ಬಸ್ಸಿನ ಮನವಿಯನ್ನು ಪ್ರಕಟಿಸುತ್ತಿಲ್ಲ. ಕಾರಣ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

"ನಮ್ಮ ಕಡೆ ಸಮುದ್ರವಿಲ್ಲ" ಎಂದಿರಿ. ನಮ್ಮ ಕಡೆಯ ನೀರು ಮುಟ್ಟುವ ಸಮುದ್ರ ಕಾರವಾರದ್ದಲ್ಲ, ಅಷ್ಟೇ. ನಿಮ್ಮೂರ ಹೊಲದ ಬಸಿನೀರು ಹಳ್ಳಕ್ಕೆ ಬಿದ್ದು, ಹಳ್ಳ ತುಂಗಭದ್ರೆಗೆ ಸೇರಿ, ಆಕೆ ಕರ್ನೂಲು ದಾಟಿ ಸಂಗಮೇಶ್ವರದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಅಲ್ಲಿಂದ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜು, ಕೊನೆಗೆ ಹಂಸಲದೀವಿಯ ಹತ್ತಿರ ಬಂಗಾಳ ಕೊಲ್ಲಿ. ಬಳ್ಳಾರಿ ಕಡೆಯ ಹಗರಿ ಸಿರುಗುಪ್ಪದ ಬಳಿ ಇದೇ ತುಂಗಭದ್ರೆಗೆ ಬೀಳುತ್ತದೆ. ಕೊಪ್ಪಳದ ಹಿರೇಹಳ್ಳವೂ ಇದೇ ನದಿಯ ಮಗಳು. ಮೂರೂ ಜಿಲ್ಲೆಗಳ ಕಸ ಪೂರ್ವಕ್ಕೆ ಹೋಗುತ್ತದೆ. ನೀವು ಮಕ್ಕಳನ್ನು 300 ಕಿಲೋಮೀಟರಿಗೂ ಹೆಚ್ಚು ದೂರ ಪಶ್ಚಿಮಕ್ಕೆ ಕರೆದೊಯ್ಯುತ್ತೀರಿ. ಋಣ ಒಬ್ಬರದು, ತೀರಿಸುವುದು ಇನ್ನೊಬ್ಬರಿಗೆ ಎಂದಂತಾಯಿತು.

ನಡುವೆ ಇಷ್ಟು ಅಣೆಕಟ್ಟುಗಳಿರುವಾಗ ಕಸ ಸಮುದ್ರದವರೆಗೆ ಎಲ್ಲಿ ಹೋದೀತು ಎಂದು ನೀವು ಕೇಳಬಹುದು. ಬಹಳಷ್ಟು ಹೋಗುವುದಿಲ್ಲ. ಹಳ್ಳದ ಜಾಲಿಗೆ ಸುತ್ತಿಕೊಳ್ಳುತ್ತದೆ, ಹಿನ್ನೀರಿನ ಹೂಳಿನಲ್ಲಿ ಕೂರುತ್ತದೆ. ಯಾವುದು ಕೂರುತ್ತದೆ, ಯಾವುದು ಸಾಗುತ್ತದೆ ಎಂಬುದಕ್ಕೆ ಲೆಕ್ಕವಿದೆ. ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಂ. ಅಷ್ಟೇ ಗಾತ್ರದಲ್ಲಿ ಅದಕ್ಕಿಂತ ಭಾರವಾದದ್ದು ಮುಳುಗುತ್ತದೆ, ಹಗುರಾದದ್ದು ತೇಲುತ್ತದೆ. ಕುಡಿಯುವ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕು ಸುಮಾರು 1.38 ಗ್ರಾಂ, ಬಲೆಯ ನೈಲಾನು 1.14, ಬಾಟಲಿಯ ಮುಚ್ಚಳ ಮತ್ತು ಗೊಬ್ಬರದ ಚೀಲ 0.90ರಿಂದ 0.95. ಮುಚ್ಚಳ ಬಿಗಿಯಾಗಿದ್ದಷ್ಟು ದಿನ ಒಳಗಿನ ಗಾಳಿಯಿಂದ ಬಾಟಲಿ ತೇಲುತ್ತದೆ. ಮುಚ್ಚಳ ಕಳಚಿತೋ, ಬಾಟಲಿ ತಳಕ್ಕೆ, ಮುಚ್ಚಳ ಮುಂದಕ್ಕೆ. ಕಡಲತೀರಗಳಲ್ಲಿ ಒಂಟಿ ಮುಚ್ಚಳಗಳು ರಾಶಿ ಸಿಗುವುದಕ್ಕೆ ಇದೂ ಒಂದು ಕಾರಣ. 2009ರ ಅಕ್ಟೋಬರಿನಲ್ಲಿ ಮಂತ್ರಾಲಯ, ಕರ್ನೂಲು ಮುಳುಗಿದವಲ್ಲ, ಅಂಥ ಹೊಳೆ ಬಂದಾಗ ಜಾಲಿಗೆ ಸಿಕ್ಕಿ ವರ್ಷಗಟ್ಟಲೆ ಕೂತದ್ದೂ ಎದ್ದು ಹೊರಡುತ್ತದೆ.

ಕಡಲತೀರದ ಕೆಲಸ ಸಣ್ಣದು ಎಂದು ನಾನು ಹೇಳುತ್ತಿಲ್ಲ. 2025ರ ಮೇನಲ್ಲಿ ಕೊಚ್ಚಿಯ ಆಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿ ನೆನೆಸದ ಸಾಬೂದಾನಿಯಂಥ ಪ್ಲಾಸ್ಟಿಕ್ ಗುಳಿಗೆಗಳು ಕೇರಳದ ದಡಕ್ಕೆ ಬಂದು ಬಿದ್ದವು. ಸ್ವಯಂಸೇವಕರು ಮರಳನ್ನು ಜರಡಿ ಹಿಡಿದು ಹೆಕ್ಕಬೇಕಾಯಿತು. ಅದನ್ನು ದಡದಲ್ಲಿಯೇ ಮಾಡಬೇಕು, ಬೇರೆ ದಾರಿಯಿಲ್ಲ. ನೀವು ಹೇಳಿದ ಸೆಪ್ಟೆಂಬರ್ ದಿನದ ಮೂಲ 1986ರಲ್ಲಿ ಅಮೆರಿಕದ ಟೆಕ್ಸಾಸ್ ತೀರದಲ್ಲಿದೆ. ಆವತ್ತು ಬಂದವರು ಕಸ ಎತ್ತಿ ಮನೆಗೆ ಹೋಗಲಿಲ್ಲ, ಏನೇನು ಎಷ್ಟೆಷ್ಟು ಸಿಕ್ಕಿತೆಂದು ಬರೆದಿಟ್ಟರು. ಆ ಲೆಕ್ಕದ ಚೀಟಿ ಇಲ್ಲದಿದ್ದರೆ ಅದೂ ಒಂದು ದಿನದ ಜಾತ್ರೆಯಾಗುತ್ತಿತ್ತು. ಮುಂಬೈನ ವಕೀಲ ಅಫ್ರೋಜ್ ಶಾ ಅವರು 2015ರ ಅಕ್ಟೋಬರಿನಲ್ಲಿ ವರ್ಸೋವಾ ತೀರಕ್ಕೆ ಇಳಿದವರು ವಾರ ವಾರವೂ ಅದೇ ತೀರಕ್ಕೆ ಹೋದರು. 2018ರಲ್ಲಿ ಅಲ್ಲಿ ಮತ್ತೆ ಕಡಲಾಮೆ ಮರಿಗಳು ಕಂಡವು. ಅದು ಎಲ್ಲರಿಗೂ ಗೊತ್ತು. ಆಮೇಲೆ ಅವರು ಮಿಠಿ ನದಿಯ ಕಸಕ್ಕೂ ಕೈಹಾಕಿದ್ದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಸಮುದ್ರದಿಂದ ಶುರು ಮಾಡಿದವರು ನದಿಗೆ ಬಂದರು. ನಾವು ನದಿಯಲ್ಲೇ ಕೂತು ಸಮುದ್ರಕ್ಕೆ ಬಸ್ಸು ಹುಡುಕುತ್ತಿದ್ದೇವೆ.

ನಿಮ್ಮ ತಾರೀಖೂ ನಮಗೆ ಹೊಂದುವುದಿಲ್ಲ. ಸೆಪ್ಟೆಂಬರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ದಂಡೆಗೆ ಹತ್ತಿ ಹರಿಯುತ್ತಿರುತ್ತದೆ. ಆಗ ಅಂಚಿನಲ್ಲಿ ಕಾಣುವ ನಾಲ್ಕು ಪೊಟ್ಟಣ ಹೆಕ್ಕಬಹುದು, ಅಷ್ಟೇ. ಪಾಚಿ ಕಟ್ಟಿದ ಕಾಂಕ್ರೀಟ್ ಇಳಿಜಾರಿನಲ್ಲಿ ಕಾಲು ಜಾರಿದರೆ ಈಜು ಬಲ್ಲವರೂ ಹತ್ತಿ ಬರುವುದು ಕಷ್ಟ. ನಮ್ಮ ಸ್ವಚ್ಛತಾ ದಿನ ಇರಬೇಕಾದ್ದು ಬೇಸಿಗೆ ಬೆಳೆ ಕೊಯ್ದು ಕಾಲುವೆಗೆ ನೀರು ನಿಲ್ಲಿಸಿದ ಮೇಲೆ, ಮುಂಗಾರಿನ ನೀರು ಬಿಡುವ ಮೊದಲು. ಆಗ ಉಪಕಾಲುವೆಯ ತಳ ಕಾಣುತ್ತದೆ, ವರ್ಷವಿಡೀ ಅಲ್ಲಿ ಏನು ಬಿದ್ದಿದೆ ಎಂಬುದೂ ಕಾಣುತ್ತದೆ.

ಕಾಣುವುದರಲ್ಲಿ ಮೊದಲನೆಯದು ಗೊಬ್ಬರದ ಚೀಲ. ತೂಬಿನ ಮುಂದೆ ನೀರು ಏರಿಸಲು ಖಾಲಿ ಚೀಲಕ್ಕೆ ಮಣ್ಣು ತುಂಬಿ ಅಡ್ಡ ಹಾಕುತ್ತೇವೆ. ಹಂಗಾಮು ಮುಗಿದ ಮೇಲೆ ಅದನ್ನು ಯಾರೂ ತೆಗೆಯುವುದಿಲ್ಲ. ನಮ್ಮ ಬಿಸಿಲಿಗೆ ಆ ನೇಯ್ದ ಪ್ಲಾಸ್ಟಿಕ್ಕು ಸುಟ್ಟು ಬಣ್ಣ ಕಳೆದುಕೊಂಡಿರುತ್ತದೆ. ಕಿವಿ ಹಿಡಿದು ಎತ್ತಿದರೆ ಚೀಲ ಮೇಲೆ ಬರುವುದಿಲ್ಲ, ಬೆರಳಲ್ಲಿ ಬಿಳಿ ಎಳೆಗಳಷ್ಟೇ ಉಳಿಯುತ್ತವೆ. ತಿಕ್ಕಿದರೆ ಎಳೆ ಮುರಿದು ಪುಡಿಯಾಗುತ್ತದೆ. ಐದು ಮಿಲಿಮೀಟರಿಗಿಂತ ಸಣ್ಣ ಚೂರನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಅದನ್ನು ನೋಡಲು ಸಮುದ್ರಕ್ಕೆ ಹೋಗಬೇಕಿಲ್ಲ, ತೂಬಿನ ಬುಡದಲ್ಲಿದೆ. ಅದೇ ಚೀಲವನ್ನು ಹಂಗಾಮು ಮುಗಿದ ವಾರದಲ್ಲೇ ತೆಗೆದಿದ್ದರೆ ಇಡಿಯಾಗಿ ಬರುತ್ತಿತ್ತು. ಈಗ ತೆಗೆಯುವುದಾದರೆ ಸಲಿಕೆಯಿಂದ ಕೆಳಗಿನ ಮಣ್ಣು ಸಮೇತ ಎತ್ತಿ, ದಂಡೆಯ ಮೇಲೆ ತಾಡಪತ್ರಿ ಹಾಸಿ, ಅದರ ಮೇಲೆ ಸುರಿದು ಬೇರ್ಪಡಿಸಬೇಕು. ಎಳೆದು ಹರಿದರೆ ಒಂದು ಕಸವನ್ನು ಸಾವಿರ ಮಾಡಿದಂತೆ.

45 ಮಕ್ಕಳಿಗೆ ಒಂದು ಕಿಲೋಮೀಟರ್ ಬೇಡ, 100 ಮೀಟರ್ ಸಾಕು. ಟೇಪು ಹಿಡಿದು ಅಳೆದು ಎರಡೂ ತುದಿಗೆ ಗೂಟ ನೆಡಿ. ಮುಂದಿನ ವರ್ಷವೂ ಅದೇ ಗೂಟಗಳ ನಡುವೆಯೇ ಇಳಿಯಬೇಕು, ಇಲ್ಲದಿದ್ದರೆ ಕಸ ಹೆಚ್ಚಿತೋ ಕಡಿಮೆಯಾಯಿತೋ ಎಂದು ಹೇಳಲು ಬರುವುದಿಲ್ಲ. ನಾಲ್ವರ ಗುಂಪು ಮಾಡಿ: ಇಬ್ಬರು ಹೆಕ್ಕಲು, ಒಬ್ಬರು ಚೀಲ ಹಿಡಿಯಲು, ಒಬ್ಬರು ಬರೆಯಲು. ಬರೆಯುವವರು ಕಸ ಮುಟ್ಟಬಾರದು. ಮುಟ್ಟಿದರೆ ಹಾಳೆ ಕೊಳೆಯಾಗಿ ಅರ್ಧಕ್ಕೇ ಬರೆಯುವುದನ್ನು ಬಿಡುತ್ತಾರೆ. ಕಪ್ಪು ಪ್ಲಾಸ್ಟಿಕ್ ಚೀಲ ಕೊಳ್ಳಬೇಡಿ, ಗಾಜು ತಾಗಿದರೆ ಹರಿಯುತ್ತದೆ. ನಿಮ್ಮೂರ ರೈಸ್ ಮಿಲ್ಲಿನಲ್ಲಿ 25 ಕಿಲೋದ ಗಟ್ಟಿ ಅಕ್ಕಿ ಚೀಲ ಕೇಳಿ, ನೀರು ತಾನೇ ಬಸಿಯುತ್ತದೆ. ಬೆಳಗ್ಗೆ ಆರಕ್ಕೆ ಇಳಿದು ಒಂಬತ್ತಕ್ಕೆ ಮೇಲೆ ಬನ್ನಿ, ಮೇ ತಿಂಗಳ ನಮ್ಮ ಬಿಸಿಲಿಗೆ ಅದಕ್ಕಿಂತ ಹೆಚ್ಚು ಬೇಡ. ಬಿದ್ದ ಚೀಲವನ್ನು ಮೊದಲು ಉದ್ದ ಕೋಲಿನಿಂದ ಮಗುಚಿ ನೋಡಬೇಕು. ತಂಪಿಗೆ ಚೇಳು, ಕೊಳಕುಮಂಡಲ ಕೂತಿರುತ್ತವೆ. ಸೂಜಿ, ಬ್ಲೇಡು ಸಿಕ್ಕರೆ ಇಕ್ಕಳದಲ್ಲಿ ಹಿಡಿದು ದಪ್ಪ ಡಬ್ಬಿಗೆ ಹಾಕಿ.

ತೂಕವನ್ನೂ ಎಣಿಕೆಯನ್ನೂ ಎರಡನ್ನೂ ಬರೆಯಿರಿ. ತೂಕವೊಂದನ್ನೇ ಬರೆದರೆ ಒಂದು ಹಳೇ ಟೈರು ನೂರಾರು ಗುಟ್ಕಾ ಚೀಟಿಗಳನ್ನು ಮುಚ್ಚಿಹಾಕುತ್ತದೆ. ಎಣಿಕೆಯೊಂದನ್ನೇ ಬರೆದರೆ ಟೈರು ಒಂದೇ ಅಂಕಿಯಾಗಿ ಕಳೆದುಹೋಗುತ್ತದೆ. ಮಣ್ಣು ಉದುರಿಸದೆ ತೂಗಿದ ಚೀಲದಲ್ಲಿ ಅರ್ಧ ಮಣ್ಣೇ ಇರುತ್ತದೆ. ಪತ್ರಿಕೆಗಳಿಗೆ ಬರುವ "ಟನ್‌ಗಟ್ಟಲೆ ಕಸ" ಎಂಬ ಸುದ್ದಿಗಳನ್ನು ನಂಬಲಾಗದಿರುವುದು ಇದಕ್ಕೇ.

ಎಲ್ಲಕ್ಕಿಂತ ಮೊದಲು ಕಸ ಎಲ್ಲಿಗೆ ಹೋಗುತ್ತದೆಂದು ಗೊತ್ತುಮಾಡಿಕೊಳ್ಳಿ. ಬಾಟಲಿ, ಗಟ್ಟಿ ಪ್ಲಾಸ್ಟಿಕ್, ಕಬ್ಬಿಣವನ್ನು ಗುಜರಿಯವರು ಒಯ್ಯುತ್ತಾರೆ. ಶಾಂಪೂ ಚೀಟಿ, ಕುರುಕಲು ಪೊಟ್ಟಣವನ್ನು ಯಾರೂ ಮುಟ್ಟುವುದಿಲ್ಲ. ಪದರ ಪದರವಾಗಿ ಅಂಟಿಸಿದ ಆ ಹಾಳೆ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಉರಿಯಲು ಮಾತ್ರ ಲಾಯಕ್ಕು. ಅದಕ್ಕೆ ನಗರಸಭೆಯವರ ಒಪ್ಪಿಗೆ ಪತ್ರ ವಾರ ಮೊದಲೇ ಕೈಯಲ್ಲಿರಬೇಕು. ಟ್ರ್ಯಾಕ್ಟರು "ನಾಳೆ ಬರುತ್ತದೆ" ಎಂದರೆ ಕೆಲಸ ಶುರು ಮಾಡಬೇಡಿ. ರಾತ್ರಿ ನಾಯಿ ಎಳೆದು, ಗಾಳಿ ಬೀಸಿ, ಬೆಳಗಾಗುವಷ್ಟರಲ್ಲಿ ಕಸ ಮತ್ತೆ ಕಾಲುವೆಯಲ್ಲೇ ಇರುತ್ತದೆ. ದಂಡೆಯ ಮೇಲೆ ಸುಡುವುದಂತೂ ಕೂಡದು.

ಎಣ್ಣೆ ಡಬ್ಬಿಗಳ ಮಾತು ಬೇರೆ. ಭತ್ತಕ್ಕೆ ಹೊಡೆದು ಎಸೆದ ಔಷಧದ ಡಬ್ಬಿಗಳನ್ನು ಮಕ್ಕಳಿಂದ ಮುಟ್ಟಿಸಬೇಡಿ. ನೈಟ್ರೈಲ್ ಕೈಗವಸು ಹಾಕಿದ ಇಬ್ಬರು ದೊಡ್ಡವರು ಮಾತ್ರ ಎತ್ತಲಿ. ಬಟ್ಟೆಯ ಕೈಗವಸು ಔಷಧವನ್ನು ಹೀರಿ ಚರ್ಮಕ್ಕೆ ಅಂಟಿಸುತ್ತದೆ, ಅದು ಬರಿಗೈಗಿಂತ ಕೆಟ್ಟದ್ದು. ಒಳಗೆ ದ್ರವ ಉಳಿದಿದ್ದರೆ ಮುಚ್ಚಳ ತೆರೆಯದೆ, ಮರಳು ಹಾಕಿದ ಬಕೆಟ್ಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಲೇಬಲ್ಲಿನ ತ್ರಿಕೋನದ ಬಣ್ಣ ನೋಡಿ ಬರೆದುಕೊಳ್ಳಿ: ಕೆಂಪು ಅತಿ ಘೋರ ವಿಷ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಹಸಿರು. ಗುಜರಿಗೆ ಕೊಡಲೇಬಾರದು, ಅದೇ ಡಬ್ಬಿ ಯಾರದೋ ಮನೆಯಲ್ಲಿ ಅಡುಗೆ ಎಣ್ಣೆಗೆ ಬರುತ್ತದೆ. ಖಾಲಿ ಡಬ್ಬಿಗಳನ್ನು ಹಾಗೇ ಬಯಲಲ್ಲಿ ಬಿಡಬಾರದೆಂದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ರೈತ ಸಂಪರ್ಕ ಕೇಂದ್ರಕ್ಕೆ ಮೊದಲೇ ತಿಳಿಸಿ, ಯಾರು ಪಡೆದುಕೊಳ್ಳುತ್ತಾರೆಂದು ಬರೆಸಿಕೊಂಡು ಬನ್ನಿ. ಡಬ್ಬಿ ಮುಟ್ಟಿದವರಿಗೆ ಕಣ್ಣು, ಬಾಯಲ್ಲಿ ನೀರು ಸುರಿದು ವಾಂತಿ ಬಂದರೆ ತಡಮಾಡದೆ, ಆ ಲೇಬಲ್ ಸಮೇತ ಆಸ್ಪತ್ರೆಗೆ ಹೋಗಬೇಕು.

ಇನ್ನು ಬಲೆ. ಈಜು ಬಲ್ಲ ಹುಡುಗರನ್ನು ಬಲೆಗೆ ಇಳಿಸಬೇಡಿ. ಸಮುದ್ರದಲ್ಲೂ ಬೇಡ, ಹೊಳೆಯಲ್ಲೂ ಬೇಡ. ನೈಲಾನು ನೀರಿಗಿಂತ ಭಾರ, ತಳದಲ್ಲಿ ಬಂಡೆಗೆ ಸುತ್ತಿ ಕೂತಿರುತ್ತದೆ, ಕೆಂಪು ನೀರಿನಲ್ಲಿ ಕಾಣುವುದೇ ಇಲ್ಲ. ಕಾಲಿಗೆ ಸಿಕ್ಕ ಬಲೆಯನ್ನು ಒದ್ದಷ್ಟೂ ಬಿಗಿಯುತ್ತದೆ. ಸಮುದ್ರದಲ್ಲಿ ಈ ಕೆಲಸ ಮಾಡುವವರು ತರಬೇತಾದ ಮುಳುಗುಗಾರರು, ಜೋಡಿಯಾಗಿ ಇಳಿಯುತ್ತಾರೆ. ನಮ್ಮ ಹೊಳೆಯಲ್ಲಿ ಇದನ್ನು ಹರಿಗೋಲಿನಿಂದಲೇ ಮಾಡಬಹುದು. ಮೊದಲು ಆ ಭಾಗದ ಮೀನುಗಾರರನ್ನು ಕೇಳಿ, ಬಿಟ್ಟ ಬಲೆಯೋ ಬದುಕಿನ ಬಲೆಯೋ ಅವರಿಗೇ ಗೊತ್ತು. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಬಲೆ ಕಚ್ಚಿದ ಮೇಲೆ ಇಬ್ಬರು ನಿಧಾನವಾಗಿ ಎಳೆಯಬೇಕು. ಹಗ್ಗವನ್ನು ಕೈಗೂ ಸುತ್ತಬಾರದು, ಹರಿಗೋಲಿಗೂ ಕಟ್ಟಬಾರದು. ಬಾರದಿದ್ದರೆ ಬಂದಷ್ಟನ್ನು ಕುಡಗೋಲಿನಿಂದ ಕೊಯ್ದುಕೊಂಡು ಉಳಿದದ್ದನ್ನು ಬಿಡಿ. ಹಟಕ್ಕೆ ಬಿದ್ದು ಜಗ್ಗಿದರೆ ಹರಿಗೋಲು ಮಗುಚುತ್ತದೆ. ಎಲ್ಲರಿಗೂ ಲೈಫ್ ಜಾಕೆಟ್ಟು ಇರಲಿ, ಮೊಸಳೆ ಇರುವ ಮಡುವಿನ ಹತ್ತಿರ ಹೋಗಬೇಡಿ, ಅಣೆಕಟ್ಟಿನಿಂದ ನೀರು ಬಿಡುತ್ತಾರೆಯೇ ಎಂದು ಆ ದಿನ ಬೆಳಗ್ಗೆ ಕೇಳಿಕೊಳ್ಳಿ.

ಈ ಕೆಲಸ ಇಲ್ಲಿ ಏಕೆ ಬೇಕು ಎಂದರೆ, ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರಕಾರ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದೆ. ನೀರುನಾಯಿ ಮೀನಿನ ಹಿಂದೆ ಬೀಳುವ ಪ್ರಾಣಿ. ಬಿಟ್ಟ ಬಲೆಯಲ್ಲಿ ಮೀನು ಒದ್ದಾಡಿದರೆ ಅದೂ ಅಲ್ಲಿಗೇ ಹೋಗುತ್ತದೆ. ಅದು ಉಸಿರಿಗೆ ಮೇಲೆ ಬರಲೇಬೇಕು, ಬಲೆ ಬಿಡುವುದಿಲ್ಲ. ಆ ಭಾಗಕ್ಕೆ ಇಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಕೇಳುವುದೇ ನಿಮ್ಮ ಘಟಕದ ಮೊದಲ ಕಾಗದವಾಗಲಿ.

ಗುರುಗಳೇ, ಒಂದು ಮಾತು ನೇರವಾಗಿ ಹೇಳುತ್ತೇನೆ. ದೂರದ ನೀರಿಗೆ ಕೈಮುಗಿದು ಬಾಗಿಲ ಮುಂದಿನ ನೀರಿಗೆ ಬೆನ್ನು ಹಾಕುವುದು ನಮ್ಮ ಮೂರೂ ಜಿಲ್ಲೆಗಳಿಗೆ ರೂಢಿಯಾಗಿಬಿಟ್ಟಿದೆ. ಹುಣ್ಣಿಮೆಗೆ ಹೊಳೆಯಲ್ಲಿ ಮಿಂದು ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಬರುವುದನ್ನು ಪುಣ್ಯ ಎನ್ನುತ್ತೇವೆ. ಪಾಲಿಯೆಸ್ಟರ್ ಸೀರೆ ಕೊಳೆಯುವುದಿಲ್ಲ, ಮೆಟ್ಟಿಲ ಕೆಳಗೆ ಮಡಿಕೆ ಮಡಿಕೆಯಾಗಿ ಹೂಳುತ್ತದೆ. ಪುಣ್ಯಕ್ಷೇತ್ರಗಳ ಹೊಳೆ, ಕೆರೆಗಳ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದೆಂದು ರಾಜ್ಯದ ಅರಣ್ಯ ಸಚಿವರು 2025ರ ಮಾರ್ಚಿನಲ್ಲಿ ಸೂಚಿಸಿದರು. ಅದು ಕಾಗದದಿಂದ ಘಟ್ಟಕ್ಕೆ ಇಳಿಯುವಂತೆ ಕೇಳಬೇಕಾದವರು ನಾವು. ಕೊನೆಭಾಗದ ರೈತರು ನೀರಿಗಾಗಿ ವರ್ಷ ವರ್ಷವೂ ರಸ್ತೆ ತಡೆ ಮಾಡುತ್ತಾರೆ. ಅವರಿಗೆ ನೀರು ಮುಟ್ಟದಿರಲು ದೊಡ್ಡ ಕಾರಣಗಳು ಬೇರೆ ಇವೆ, ಹೂಳು ತುಂಬಿ 133 ಟಿಎಂಸಿಯ ಜಲಾಶಯ 105ರ ಆಸುಪಾಸಿಗೆ ಇಳಿದಿದೆ. ಆದರೂ ತೂಬಿನ ಬಾಯಿಗೆ ಕೂತ ಚೀಲ, ಬಾಟಲಿಗಳನ್ನು ತೆಗೆಯಲು ಯಾವ ಸರಕಾರವೂ ಬೇಕಿಲ್ಲ. ಜನ ಬರುವುದಿಲ್ಲ ಎನ್ನುವಂತೆಯೂ ಇಲ್ಲ. ಕೊಪ್ಪಳದ ಗವಿಮಠದ ಸ್ವಾಮಿಗಳು 2019ರಲ್ಲಿ ಹಿರೇಹಳ್ಳದ ಪುನಶ್ಚೇತನಕ್ಕೆ ಕರೆ ಕೊಟ್ಟಾಗ ಊರೂರಿನವರು ಹಳ್ಳಕ್ಕೆ ಬಂದರು.

ಕಾರವಾರಕ್ಕೆ ಹೋಗಲೇಬೇಕೆಂದಿದ್ದರೆ ಬರೆಯುವ ಕೆಲಸ ಕಲಿಯಲು ಐದು ಮಕ್ಕಳನ್ನು ರೈಲಿನಲ್ಲಿ, ಬಸ್ಸಿನಲ್ಲಿ ಕಳಿಸಿ. ಉಳಿದ 40 ಮಕ್ಕಳಿಗೆ ಮೇ ತಿಂಗಳಲ್ಲಿ ಕೆಲಸವಿದೆ. ಅದಕ್ಕೆ ಬೇಕಾದ ಕೈಗವಸು, ತೂಕದ ತಕ್ಕಡಿ, ತಾಡಪತ್ರಿ, ಟ್ರ್ಯಾಕ್ಟರ್ ಬಾಡಿಗೆಗೆ ಮನವಿ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ಫ್ಲೆಕ್ಸಿಗೆ ಮಾತ್ರ ದುಡ್ಡು ಕೇಳಬೇಡಿ. ಕೆಲಸ ಮುಗಿದ ಮೇಲೆ ಫೋಟೊ ಇಲ್ಲದಿದ್ದರೂ ಸರಿ, ಲೆಕ್ಕದ ಹಾಳೆ ಕಳಿಸಿ: ಉಪಕಾಲುವೆ ನಂಬರು, ತೂಬಿನ ನಂಬರು, ತಾರೀಖು, ಎಷ್ಟು ಚೀಲ, ಎಷ್ಟು ಬಾಟಲಿ, ಎಷ್ಟು ಕೆಂಪು ತ್ರಿಕೋನ. ಅರ್ಧ ಪುಟ ಖಾಲಿ ಇಟ್ಟಿರುತ್ತೇವೆ.

ಸಂ.