ಅಣುಸೂತ್ರ ಗೊತ್ತಿದ್ದರೆ ಸಾಲದೇ? ರಚನಾಸೂತ್ರವನ್ನೂ ಏಕೆ ಕಲಿಯಬೇಕು?

ಸಾಲದು. ಅಣುವಿನಲ್ಲಿ ಯಾವ ಪರಮಾಣು ಎಷ್ಟಿದೆ ಎಂದಷ್ಟೇ ಅಣುಸೂತ್ರ ಹೇಳುತ್ತದೆ; ಅವು ಹೇಗೆ ಜೋಡಿಕೊಂಡಿವೆ ಎಂದು ತೋರಿಸುವುದು ರಚನಾಸೂತ್ರ. ಎಥನಾಲ್ ಎಂದರೆ ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್ ಎಂದು ಬಾಯಿಪಾಠ ಮಾಡಿದ್ದೀರಿ. ಪರೀಕ್ಷೆಯಲ್ಲಿ ರಚನೆ ಬರೆಯಲು ಹೇಳಿದರೆ ಮಾತ್ರ ಕೈ ಓಡುವುದಿಲ್ಲ ಎಂದಿದ್ದೀರಿ. ಒಮ್ಮೆ ಆ ಅಣುವನ್ನು ಕೈಯಾರೆ ಕಟ್ಟಿ ನೋಡಿ.

ನಾನು ಬಸವನಗುಡಿಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಮನೆಪಾಠ ಹೇಳುತ್ತೇನೆ. ಚಳಿಗಾಲ ಬಂತೆಂದರೆ ಮಾರುಕಟ್ಟೆಯ ತುಂಬ ಅವರೆಕಾಯಿ. ಆ ಅವರೆಕಾಳೇ ನಮ್ಮ ಕಾರ್ಬನ್. ಹಸಿ ಬಟಾಣಿ ಹೈಡ್ರೋಜನ್, ನೆನೆಸಿದ ಕಡಲೆಕಾಳು ಆಕ್ಸಿಜನ್, ಹಲ್ಲುಕಡ್ಡಿಯೇ ಬಂಧ. ಅವರೆಗೆ ನಾಲ್ಕು ಕಡ್ಡಿ, ಕಡಲೆಗೆ ಎರಡು, ಬಟಾಣಿಗೆ ಒಂದು. ಇದೊಂದು ನಿಯಮ ತಪ್ಪಬಾರದು.

ಎರಡು ಅವರೆ, ಆರು ಬಟಾಣಿ, ಒಂದು ಕಡಲೆ ಕೊಟ್ಟು ಕಟ್ಟಲು ಹೇಳಿದೆ. ಒಬ್ಬ ಹುಡುಗಿ ಅವರೆಗಳನ್ನು ಒಂದಕ್ಕೊಂದು ಜೋಡಿಸಿ, ಕಡಲೆಯನ್ನು ಪಕ್ಕಕ್ಕೆ ಚುಚ್ಚಿ, ಅದಕ್ಕೊಂದು ಬಟಾಣಿ ಸಿಕ್ಕಿಸಿದಳು. ಅವಳ ತಮ್ಮ ಕಡಲೆಯನ್ನು ಎರಡು ಅವರೆಗಳ ನಡುವೆ ಇಟ್ಟ. ಯಾರದು ತಪ್ಪು ಎಂದು ಜಗಳವಾಯಿತು. ಇಬ್ಬರದೂ ಸರಿ! ಎಣಿಸಿದರೆ ಎರಡರಲ್ಲೂ ಎಂಟೇ ಕಡ್ಡಿ. ಅಕ್ಕನದು ಎಥನಾಲ್, ತಮ್ಮನದು ಡೈಮೀಥೈಲ್ ಈಥರ್. ಅವೇ ಎರಡು ಅಕ್ಷರಗಳಿಂದ ‘ಸರ’ವೂ ಆಗುತ್ತದೆ, ‘ರಸ’ವೂ ಆಗುತ್ತದೆಯಲ್ಲ, ಹಾಗೆ. ಇಂಥವನ್ನು ಸಮಾಂಗಿಗಳು ಎನ್ನುತ್ತಾರೆ.

ಎಥನಾಲ್ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಈಥರ್ ಸೊನ್ನೆಗಿಂತ 24 ಡಿಗ್ರಿ ಕೆಳಗೇ ಕುದಿದುಬಿಡುತ್ತದೆ, ಹಾಗಾಗಿ ಬೆಂಗಳೂರಿನ ಎಂಥ ಚಳಿಯಲ್ಲೂ ಅದು ಅನಿಲವೇ. ಇಷ್ಟು ಅಂತರಕ್ಕೆ ಮುಖ್ಯ ಕಾರಣ ಅಕ್ಕ ಕಡಲೆಗೆ ಸಿಕ್ಕಿಸಿದ ಆ ಒಂದು ಬಟಾಣಿ. ಆಕ್ಸಿಜನ್ ಎಲೆಕ್ಟ್ರಾನುಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಅದಕ್ಕಂಟಿದ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್ನಿಗೂ ಆತುಕೊಳ್ಳುತ್ತದೆ. ಆ ಹಿಡಿತವನ್ನು ಬಿಡಿಸಲು ಹೆಚ್ಚು ಶಾಖ ಬೇಕು. ಈಥರ್‌ನಲ್ಲಿ ಆರೂ ಹೈಡ್ರೋಜನ್‌ಗಳು ಕಾರ್ಬನ್ನಿಗೇ ಅಂಟಿರುವುದರಿಂದ ಅಣುಗಳ ನಡುವೆ ಅಂಥ ಹಿಡಿತವಿಲ್ಲ. ಸೋಡಿಯಂ ಲೋಹವೂ ಅಷ್ಟೇ: ಎಥನಾಲ್‌ನಿಂದ ಹೈಡ್ರೋಜನ್ ಬಿಡಿಸುತ್ತದೆ, ಈ ಈಥರ್‌ನಿಂದ ಬಿಡಿಸಲಾರದು.

1828ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ವೋಲರ್ ಯೂರಿಯಾ ತಯಾರಿಸಿದ್ದು ಅಮೋನಿಯಂ ಸಯನೇಟ್‌ನಿಂದ. ಅಲ್ಲಿಯೂ ಪರಮಾಣುಗಳ ಲೆಕ್ಕ ಬದಲಾಗಲಿಲ್ಲ, ಜೋಡಣೆ ಬದಲಾಯಿತು. ನನಗೆ ಇಂದಿಗೂ ಮೈ ನವಿರೇಳಿಸುವ ಸಂಗತಿ ಇದು.

ಈಗ ನೀವು ಇನ್ನೊಂದು ಅವರೆ, ಎರಡು ಬಟಾಣಿ ಹೆಚ್ಚಿಗೆ ತೆಗೆದುಕೊಳ್ಳಿ. ಕಡಲೆ ಒಂದೇ ಇರಲಿ. ಮೂರು ಬಗೆಯಲ್ಲಿ ಕಟ್ಟಬಹುದು. ಕಡಲೆ ನಡುವಿನ ಅವರೆಗೆ ಅಂಟಿ, ತಾನೊಂದು ಬಟಾಣಿ ಹಿಡಿದಿದ್ದರೆ, ಅದು ಕೈ ಸ್ಯಾನಿಟೈಸರ್‌ನಲ್ಲಿ ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್. ಉಳಿದೆರಡನ್ನು ನೀವೇ ಕಟ್ಟಿ, ಚಿತ್ರ ಬರೆದು ಕಳುಹಿಸಿ, ನೋಡುತ್ತೇನೆ.